ಬಳುವಳಿಯಾಗಿ ಬಂದ ಬಣ್ಣ

ಮನುಷ್ಯನು ತನ್ನ ಬದುಕಿನಲ್ಲಿ ಅನೇಕ ಸಂಗತಿಗಳನ್ನು ತಾನೇ ಆರಿಸಿಕೊಳ್ಳುತ್ತಾನೆ. ಓದುವ ವಿಷಯ, ಕೈಗೊಳ್ಳುವ ಉದ್ಯೋಗ, ಕೂಡುವ ಗೆಳೆಯರು, ಇವೆಲ್ಲ ಬಹುಮಟ್ಟಿಗೆ ಅವನ ಆಯ್ಕೆಗೆ ಸೇರಿದವು. ಆದರೆ ಆಯ್ಕೆಯ ಪ್ರಶ್ನೆ ಏಳುವ ಮೊದಲೇ ಅವನಿಗೆ ದೊರೆತುಬಿಡುವ ಸಂಗತಿಗಳೂ ಕೆಲವು ಉಂಟು. ತಾಯ್ನುಡಿ ಅಂಥದು, ಮನೆಯ ಅಡುಗೆಯ ರುಚಿ ಅಂಥದು, ತೊಟ್ಟಿಲಲ್ಲಿ ಕೇಳಿದ ಜೋಗುಳದ ರಾಗ ಅಂಥದು. ಬಂಗಾಳದ ಜನಜೀವನವನ್ನು ಬಲ್ಲವರು ಈ ಸಾಲಿಗೆ ಮತ್ತೊಂದನ್ನು ಸೇರಿಸುತ್ತಾರೆ. ಅದು ಕಾಲ್ಚೆಂಡಾಟದ ಸಂಘದ ಮೇಲಣ ನಿಷ್ಠೆ.

ಕಲ್ಕತ್ತ ನಗರವು 2001ರಿಂದ ಕೋಲ್ಕತ ಎಂಬ ಹೆಸರನ್ನು ಪಡೆದಿದೆ. ಆ ನಗರದ ನಡುವೆ ಹೂಗ್ಲಿ ನದಿಯ ದಡದಲ್ಲಿ ‘ಮೈದಾನ’ ಎಂದೇ ಹೆಸರಾದ ವಿಶಾಲವಾದ ಹಸಿರು ಬಯಲು ಇದೆ. ಭಾರತದ ಕಾಲ್ಚೆಂಡಾಟದ ಇತಿಹಾಸದ ಬಹುಭಾಗ ಈ ಬಯಲಿನಲ್ಲಿಯೇ ರೂಪುಗೊಂಡಿತು. ಇಲ್ಲಿ ಬೆಳೆದ ಸಂಘಗಳಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಎಂಬ ಎರಡು ಸಂಘಗಳ ನಡುವಣ ಸ್ಪರ್ಧೆ ಜಗತ್ಪ್ರಸಿದ್ಧವಾದುದು. ಒಂದರ ಬಣ್ಣ ಹಸಿರು ಮತ್ತು ಕಡುಗೆಂಪು. ಅದರ ಲಾಂಛನ ಹಾಯಿ ಬಿಚ್ಚಿದ ದೋಣಿ. ಇನ್ನೊಂದರ ಬಣ್ಣ ಕೆಂಪು ಮತ್ತು ಹೊಂಬಣ್ಣ. ಅದರ ಲಾಂಛನ ಉರಿಯುವ ಪಂಜು. ಕೋಲ್ಕತದ ಬಾಲಕನೊಬ್ಬನನ್ನು “ನೀನು ಯಾವ ಕಡೆಯವನು?” ಎಂದು ಕೇಳಿದರೆ ಅವನು “ನನಗೆ ಇಂಥ ತಂಡದ ಆಟ ಮೆಚ್ಚುಗೆ” ಎಂದು ಉತ್ತರಿಸುವುದು ಅಪರೂಪ. “ನಾವು ಮೋಹನ್ ಬಾಗಾನಿನವರು” ಎಂದೋ, “ನಮ್ಮ ಮನೆ ಈಸ್ಟ್ ಬೆಂಗಾಲಿನದು” ಎಂದೋ ಹೇಳುತ್ತಾನೆ. ‘ನಾನು’ ಎಂಬಲ್ಲಿ ‘ನಾವು’ ಎಂಬ ಮಾತು ಹೇಗೆ ಬಂದಿತು? ಇದನ್ನು ತಿಳಿಯಬೇಕಾದರೆ ಆ ಎರಡು ಸಂಘಗಳ ಹುಟ್ಟನ್ನೂ, ಬಂಗಾಳದ ಮನೆಗಳ ಕಥೆಯನ್ನೂ ಒಟ್ಟಿಗೆ ನೋಡಬೇಕು.

ಮೋಹನ್ ಬಾಗಾನ್ ಸಂಘವು 1889ನೆಯ ಆಗಸ್ಟ್ 15ರಂದು ಉತ್ತರ ಕಲ್ಕತ್ತದಲ್ಲಿ ಸ್ಥಾಪಿತವಾಯಿತು. ಆಗ ಕಾಲ್ಚೆಂಡಾಟವು ಆಳುವವರ ಆಟವಾಗಿತ್ತು. ಬ್ರಿಟಿಷ್ ಸೈನ್ಯದ ತುಕಡಿಗಳೇ ದೊಡ್ಡ ಪಂದ್ಯಾವಳಿಗಳನ್ನು ಗೆಲ್ಲುತ್ತಿದ್ದವು. 1911ನೆಯ ಜುಲೈ 29ರಂದು ನಡೆದ ಐ.ಎಫ್.ಎ. ಷೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ತಂಡವನ್ನು ಎದುರಿಸಿತು. ಭಾರತೀಯ ತಂಡದ ಹನ್ನೊಂದು ಆಟಗಾರರಲ್ಲಿ ಹತ್ತು ಮಂದಿ ಬರಿಗಾಲಿನವರು. ಸುಧೀರ್ ಚಟರ್ಜಿ ಒಬ್ಬರೇ ಬೂಟು ತೊಟ್ಟಿದ್ದವರು. ಮೊದಲ ಗೋಲನ್ನು ಸೈನಿಕರೇ ಹೊಡೆದರು. ಆಮೇಲೆ ನಾಯಕ ಶಿಬ್‌ದಾಸ್ ಭಾದುಡಿಯವರು ಗೋಲನ್ನು ಸರಿಗಟ್ಟಿದರು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಅಭಿಲಾಷ್ ಘೋಷ್ ಅವರು ಗೆಲುವಿನ ಗೋಲನ್ನು ಹೊಡೆದರು. ನೆರೆದ ಜನಸ್ತೋಮದಲ್ಲಿ ಹಿಂದೆ ನಿಂತವರಿಗೆ ಆಟ ಕಾಣುತ್ತಿರಲಿಲ್ಲವಾದುದರಿಂದ ಗಾಳಿಪಟಗಳನ್ನು ಹಾರಿಸಿ ಗೋಲುಗಳ ಸಂಖ್ಯೆಯನ್ನು ತಿಳಿಸಿದರಂತೆ. ಆ ತಂಡದಲ್ಲಿ ಶಿಬ್‌ದಾಸರ ಅಣ್ಣ ಬಿಜಯ್‌ದಾಸರೂ ಆಡಿದ್ದರು. ಹೀಗೆ ಭಾರತದ ಕಾಲ್ಚೆಂಡಾಟದ ಮೊದಲ ಮಹಾವಿಜಯದಲ್ಲಿಯೇ ಒಂದು ಮನೆಯ ಇಬ್ಬರು ಮಕ್ಕಳು ಜೊತೆಗೂಡಿದ್ದರು. ಆ ದಿನವನ್ನು ಕಣ್ಣಾರೆ ಕಂಡವರು ತಮ್ಮ ಮಕ್ಕಳಿಗೆ ಹೇಳಿದರು. ಆ ಮಕ್ಕಳು ತಮ್ಮ ಮಕ್ಕಳಿಗೆ ಹೇಳಿದರು. ಜುಲೈ 29 ‘ಮೋಹನ್ ಬಾಗಾನ್ ದಿನ’ವಾಗಿ ಆಚರಣೆಗೆ ಬಂದಿದೆ.

ಈಸ್ಟ್ ಬೆಂಗಾಲ್ ಸಂಘದ ಹುಟ್ಟು ಒಂದು ಅಸಮಾಧಾನದಿಂದ ಆಯಿತು. 1920ನೆಯ ಜುಲೈ 28ರಂದು ಮೋಹನ್ ಬಾಗಾನ್ ವಿರುದ್ಧ ಆಡಬೇಕಾಗಿದ್ದ ಜೋಡಾಬಾಗಾನ್ ಎಂಬ ಸಂಘವು ಶೈಲೇಶ್ ಬೋಸ್ ಎಂಬ ಆಟಗಾರರನ್ನು ತಂಡದಿಂದ ಕೈಬಿಟ್ಟಿತು. ಅವರು ಪೂರ್ವಬಂಗಾಳದವರು. ಆ ಕಾರಣಕ್ಕಾಗಿಯೇ ಅವರನ್ನು ಕಡೆಗಣಿಸಲಾಯಿತೆಂಬ ಭಾವನೆ ಬೇರೂರಿತು. ಆ ಸಂಘದ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿಯವರು ಇದನ್ನು ಪ್ರತಿಭಟಿಸಿ ಹೊರಬಂದರು. ನಾಲ್ಕೇ ದಿನಗಳಲ್ಲಿ, ಎಂದರೆ 1920ರ ಆಗಸ್ಟ್ 1ರಂದು, ಗೆಳೆಯರೊಡನೆ ಕೂಡಿ ಈಸ್ಟ್ ಬೆಂಗಾಲ್ ಸಂಘವನ್ನು ಕಟ್ಟಿದರು. ಉದ್ಯೋಗಕ್ಕಾಗಿಯೂ ವಿದ್ಯೆಗಾಗಿಯೂ ಪೂರ್ವ ಜಿಲ್ಲೆಗಳಿಂದ ಕಲ್ಕತ್ತಕ್ಕೆ ಬಂದು ನೆಲಸಿದ್ದ ಜನರಿಗೆ ಆ ಹೆಸರಿನಲ್ಲಿಯೇ ತಮ್ಮ ಊರಿನ ಗಾಳಿ ಬೀಸಿದಂತಾಯಿತು.

ಆದರೂ ಆ ಸಂಘದ ಮೇಲಣ ಪ್ರೀತಿ ಮನೆಮನೆಯ ವ್ರತವಾದುದು 1947ರ ದೇಶವಿಭಜನೆಯ ಅನಂತರ. ಪೂರ್ವಬಂಗಾಳವು ಪಾಕಿಸ್ತಾನಕ್ಕೆ ಸೇರಿತು. ಲಕ್ಷಗಟ್ಟಲೆ ಜನರು ಮನೆಮಠ, ಹೊಲಗದ್ದೆ, ತೋಟ ತುಡಿಕೆಗಳನ್ನು ತೊರೆದು ಗಡಿ ದಾಟಿದರು. ಕಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದ ಜಗುಲಿಗಳ ಮೇಲೆ ಎಷ್ಟೋ ಸಂಸಾರಗಳು ದಿನಗಳನ್ನು ಕಳೆದವು. ನಗರದ ಅಂಚಿನಲ್ಲಿ ನಿರಾಶ್ರಿತರ ಬಡಾವಣೆಗಳು ಎದ್ದವು. ಅಲ್ಲಿ ನೆಲಸಿದವರಿಗೆ ತಮ್ಮ ಹಳ್ಳಿಯನ್ನು ಮಕ್ಕಳಿಗೆ ತೋರಿಸುವ ಮಾರ್ಗವಿರಲಿಲ್ಲ. ಅಜ್ಜ ನೆಟ್ಟ ಮರವನ್ನು, ಮನೆಯ ಮುಂದೆ ಹರಿಯುತ್ತಿದ್ದ ನದಿಯನ್ನು ತೋರಿಸುವಂತಿರಲಿಲ್ಲ. ಕಳೆದುಹೋದ ನಾಡಿನ ಹೆಸರನ್ನು ಹೊತ್ತು ವಾರವಾರವೂ ಮೈದಾನಕ್ಕಿಳಿಯುತ್ತಿದ್ದ ಹನ್ನೊಂದು ಆಟಗಾರರನ್ನು ಮಾತ್ರ ತೋರಿಸಬಹುದಾಗಿತ್ತು. ತಂದೆಯು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಕರೆದೊಯ್ದನೆಂದರೆ ಆಟವನ್ನು ತೋರಿಸುವುದಷ್ಟೇ ಅವನ ಉದ್ದೇಶವಾಗಿರಲಿಲ್ಲ. ‘ನಾವು ಎಲ್ಲಿಂದ ಬಂದವರು’ ಎಂಬುದನ್ನು ಆ ಮೂಲಕ ಕಲಿಸುತ್ತಿದ್ದನು. ಆ ಸಂಘದ ಗೆಲುವು ಬಡಾವಣೆಯ ಪ್ರತಿಯೊಂದು ಗುಡಿಸಲಿಗೂ ತಲೆಯೆತ್ತಿ ನಡೆಯುವ ಧೈರ್ಯವನ್ನು ಕೊಟ್ಟಿತು.

ಬಂಗಾಳದಲ್ಲಿ ಪಶ್ಚಿಮಭಾಗದ ಮೂಲನಿವಾಸಿಗಳನ್ನು ‘ಘೋಟಿ’ ಎಂದೂ, ಪೂರ್ವದಿಂದ ಬಂದವರನ್ನು ‘ಬಾಂಗಾಲ್’ ಎಂದೂ ಕರೆಯುವ ವಾಡಿಕೆಯುಂಟು. ಇಬ್ಬರ ಮಾತಿನ ಧಾಟಿಯಲ್ಲಿ ವ್ಯತ್ಯಾಸ, ಅಡುಗೆಯಲ್ಲಿಯೂ ವ್ಯತ್ಯಾಸ. ಬಾಂಗಾಲರಿಗೆ ಪದ್ಮಾ ನದಿಯ ಹಿಲ್ಸಾ ಮೀನು ಅಚ್ಚುಮೆಚ್ಚಾದರೆ ಘೋಟಿಗಳಿಗೆ ಸೀಗಡಿ. ಈಸ್ಟ್ ಬೆಂಗಾಲ್ ಗೆದ್ದ ದಿನ ಪೇಟೆಯಲ್ಲಿ ಹಿಲ್ಸಾದ ಬೆಲೆ ಏರುವುದೆಂದೂ, ಮೋಹನ್ ಬಾಗಾನ್ ಗೆದ್ದರೆ ಸೀಗಡಿಯ ಬುಟ್ಟಿ ಬೇಗನೆ ಬರಿದಾಗುವುದೆಂದೂ ಅಲ್ಲಿ ಮನೆಮಾತು. ಮಗುವಿಗೆ ಆಟದ ನಿಯಮಗಳು ತಿಳಿಯುವ ಮೊದಲೇ ಗೆಲುವಿನ ರುಚಿ ನಾಲಗೆಗೆ ತಿಳಿಯುತ್ತದೆ. ಬಾನುಲಿಯ ಕಾಲದಲ್ಲಿ ಪಂದ್ಯದ ಸಂಜೆ ಇಡೀ ಸಂಸಾರ ಅದರ ಸುತ್ತ ನೆರೆಯುತ್ತಿತ್ತು. ಅಜಯ್ ಬಸು ಅವರಂಥ ವೀಕ್ಷಕ ವಿವರಣೆಕಾರರ ಬಂಗಾಳಿ ಮಾತಿನ ಏರಿಳಿತದಲ್ಲಿ ಮೈದಾನದ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ಮೈದಾನಕ್ಕೆ ಹೋಗುವ ರೂಢಿ ಹೆಂಗಸರಲ್ಲಿ ಕಡಮೆಯಾಗಿದ್ದ ಆ ದಿನಗಳಲ್ಲಿಯೂ ಅಜ್ಜಿಯರಿಗೆ ಆಟಗಾರರ ಹೆಸರುಗಳು ಬಾಯಿಪಾಠವಾಗಿದ್ದವು. ಘೋಟಿ ಮನೆಯ ಹೆಣ್ಣು ಬಾಂಗಾಲ್ ಮನೆಗೆ ಸೊಸೆಯಾಗಿ ಬಂದರೆ ಪಂದ್ಯದ ದಿನ ಮನೆ ಎರಡು ಪಕ್ಷವಾಗುತ್ತಿತ್ತು. ಅತ್ತೆ ಸೊಸೆಯರ ನಡುವೆ, ಗಂಡ ಹೆಂಡಿರ ನಡುವೆ ಹಾಸ್ಯದ ಬಾಣಗಳು ಹಾರಾಡುತ್ತಿದ್ದವು. ಅಂಥ ಮನೆಯ ಮಕ್ಕಳು ತಾಯಿಯ ಕಡೆಯೋ ತಂದೆಯ ಕಡೆಯೋ ಎಂಬುದು ನೆರೆಹೊರೆಯವರಿಗೆಲ್ಲ ಕುತೂಹಲದ ವಿಷಯ.

ಇಂಥ ನಿಷ್ಠೆಯ ಒಂದು ವೈಶಿಷ್ಟ್ಯವನ್ನು ನಾವು ಗಮನಿಸಬೇಕು. ಆಟಗಾರರು ಒಂದು ಸಂಘದಿಂದ ಇನ್ನೊಂದಕ್ಕೆ ಹೋಗುತ್ತಾರೆ. ತರಬೇತುದಾರರು ಬದಲಾಗುತ್ತಾರೆ. ಪದಾಧಿಕಾರಿಗಳು ಬಂದುಹೋಗುತ್ತಾರೆ. ಬದಲಾಗದೆ ಉಳಿಯುವವನು ಅಭಿಮಾನಿ ಒಬ್ಬನೇ. ತಂಡ ಸೋತಿತೆಂದು ಅವನು ಬಣ್ಣ ಬದಲಾಯಿಸುವುದಿಲ್ಲ. ಬಡತನ ಬಂದಿತೆಂದು ಮನೆತನದ ಹೆಸರನ್ನು ಯಾರಾದರೂ ಬದಲಾಯಿಸುವುದುಂಟೆ? 1975ನೆಯ ಸೆಪ್ಟೆಂಬರ್ 30ರಂದು ಐ.ಎಫ್.ಎ. ಷೀಲ್ಡ್ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡವು ಐದು ಗೋಲುಗಳಿಂದ ಸೋತಿತು. ಆ ಅವಮಾನವನ್ನು ಹೊತ್ತ ಮನೆಗಳು ಮರುವರ್ಷವೂ ಅದೇ ತಂಡದ ಹಿಂದೆ ನಿಂತವು. 2012ರಲ್ಲಿ ಫೆಡರೇಷನ್ ಕಪ್ ಗೆದ್ದ ಈಸ್ಟ್ ಬೆಂಗಾಲ್ ತಂಡಕ್ಕೆ ರಾಷ್ಟ್ರಮಟ್ಟದ ಮತ್ತೊಂದು ಪ್ರಶಸ್ತಿ ದೊರೆತುದು 2024ರ ಜನವರಿಯಲ್ಲಿ, ಸೂಪರ್ ಕಪ್ ರೂಪದಲ್ಲಿ. ನಡುವಣ ಹನ್ನೆರಡು ವರ್ಷಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು ದೊಡ್ಡ ಗೆಲುವನ್ನು ಕಾಣದೆಯೂ ಆ ಬಣ್ಣವನ್ನೇ ಧರಿಸಿದರು. ಕಾಯುವ ತಾಳ್ಮೆಯನ್ನೂ ಅವರು ಮನೆಯಲ್ಲಿಯೇ ಕಲಿತಿದ್ದರು.

ಹಾಗಾದರೆ ಈ ನಿಷ್ಠೆ ರಕ್ತಸಂಬಂಧದ ಮತ್ತು ಹುಟ್ಟೂರಿನ ಬೇಲಿಯೊಳಗೆ ಮಾತ್ರ ಬೆಳೆಯುವ ಬೆಳೆಯೇ? ಇತಿಹಾಸವು ಅಲ್ಲವೆಂದು ಹೇಳುತ್ತದೆ. ಮೋಹನ್ ಬಾಗಾನಿನ ರಕ್ಷಣೆಯ ಕೋಟೆಯೆಂದು ಹೆಸರಾಗಿ, 1962ರಲ್ಲಿ ಪದ್ಮಶ್ರೀ ಪಡೆದ ಗೋಷ್ಠ ಪಾಲರು ಹುಟ್ಟಿದುದು ಪೂರ್ವಬಂಗಾಳದಲ್ಲಿ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದ ತಂಡದ ನಾಯಕ ಚುನಿ ಗೋಸ್ವಾಮಿಯವರೂ ಪೂರ್ವಬಂಗಾಳದ ಕಿಶೋರ್‌ಗಂಜಿನಲ್ಲಿ ಹುಟ್ಟಿದವರು. ಆದರೂ ತಮ್ಮ ಆಟದ ಜೀವನವನ್ನೆಲ್ಲ ಮೋಹನ್ ಬಾಗಾನಿಗೆ ಮುಡಿಪಾಗಿಟ್ಟರು. ಇತ್ತ ನಿರಾಶ್ರಿತರ ಮನೆಗಳು ಆರಾಧಿಸಿದ ವೀರರು ಯಾರು? 1949ರಿಂದ ಕೆಲವು ವರ್ಷಗಳ ಕಾಲ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯಲ್ಲಿ ಆಡಿದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್ ಮತ್ತು ಸಾಲೇ ಎಂಬ ಐವರು. ಜನರು ಅವರನ್ನು ‘ಪಂಚಪಾಂಡವ’ರೆಂದು ಕರೆದರು. ಐವರೂ ದಕ್ಷಿಣ ಭಾರತದವರು. ಅಹಮದ್ ಖಾನ್ ಮತ್ತು ಧನರಾಜ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಿಗೆ ತೆರಳಿದ ಭಾರತ ತಂಡದಲ್ಲಿದ್ದವರು. ಈ ಐವರ ಬಲದಿಂದ 1949, 1950 ಮತ್ತು 1951ರಲ್ಲಿ ಐ.ಎಫ್.ಎ. ಷೀಲ್ಡ್ ಸತತವಾಗಿ ಈಸ್ಟ್ ಬೆಂಗಾಲ್ ಪಾಲಾಯಿತು. ಬೆಂಗಳೂರಿನ ಬೀದಿಗಳಲ್ಲಿ ಚೆಂಡಾಡಿ ಬೆಳೆದವರು, ಊರು ಕಳೆದುಕೊಂಡ ಬಂಗಾಳಿಗಳ ಮನೆಮಕ್ಕಳಾದರು. ಧರ್ಮವಾಗಲಿ ಭಾಷೆಯಾಗಲಿ ಅಡ್ಡ ಬರಲಿಲ್ಲ. ಮನೆಯಿಂದ ಬಂದ ಪ್ರೀತಿಗೆ ಹೊರಗಿನವರನ್ನು ಮನೆಯವರನ್ನಾಗಿ ಮಾಡಿಕೊಳ್ಳುವ ಶಕ್ತಿಯೂ ಉಂಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬಳುವಳಿಯಾಗಿ ಬಂದುದನ್ನು ಜನರು ಎಷ್ಟು ಜತನದಿಂದ ಕಾಯುತ್ತಾರೆಂಬುದು ಈಚಿನ ಒಂದು ಪ್ರಸಂಗದಿಂದ ತಿಳಿಯುತ್ತದೆ. 2020ರಲ್ಲಿ ಮೋಹನ್ ಬಾಗಾನಿನ ಕಾಲ್ಚೆಂಡು ವಿಭಾಗವು ಇನ್ನೊಂದು ತಂಡದ ಮಾಲೀಕರೊಡನೆ ಒಂದುಗೂಡಿತು. ಆ ತಂಡದ ಹೆಸರಿನ ಮೂರು ಅಕ್ಷರಗಳು ‘ಎ.ಟಿ.ಕೆ.’ ಎಂದು ಮೋಹನ್ ಬಾಗಾನಿನ ಹೆಸರಿಗೆ ಮುಂದೆ ಸೇರಿದವು. ವೃತ್ತಿಪರ ಆಟಕ್ಕೆ ಹಣ ಬೇಕೆಂಬುದನ್ನು ಅಭಿಮಾನಿಗಳು ಅರಿಯದವರಲ್ಲ. ಆದರೆ ಮುತ್ತಜ್ಜನ ಕಾಲದಿಂದ ಬಂದ ಹೆಸರಿಗೆ ಬೇರೊಂದು ಹೆಸರು ತಗಲಿಕೊಂಡುದನ್ನು ಅವರು ಸಹಿಸಲಿಲ್ಲ. ಬರಹಫಲಕಗಳನ್ನು ಹಿಡಿದು ವರ್ಷಗಟ್ಟಲೆ ಪ್ರತಿಭಟಿಸಿದರು. 2023ರ ಮಾರ್ಚಿಯಲ್ಲಿ ಆ ಮೂರು ಅಕ್ಷರಗಳನ್ನು ತೆಗೆದುಹಾಕುವ ನಿರ್ಧಾರ ಪ್ರಕಟವಾಯಿತು. ಸಂಘದ ಕಾಗದಪತ್ರಗಳು ಯಾರ ಕೈಯಲ್ಲಿಯೇ ಇರಲಿ, ಅದರ ಹೆಸರು ಮಾತ್ರ ಸಾವಿರಾರು ಮನೆಗಳ ಆಸ್ತಿ ಎಂಬುದನ್ನು ಈ ಪ್ರಸಂಗವು ತೋರಿಸಿಕೊಟ್ಟಿತು.

ಇಷ್ಟೆಲ್ಲ ಹೇಳಿದ ಮೇಲೆ ಈ ನಿಷ್ಠೆಯ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. ಒಲೆಯಲ್ಲಿದ್ದಾಗ ಅನ್ನ ಬೇಯಿಸುವ ಬೆಂಕಿಯೇ ಚಾವಣಿಗೆ ಹತ್ತಿದರೆ ಮನೆಯನ್ನು ಸುಡುತ್ತದೆ. 1980ನೆಯ ಆಗಸ್ಟ್ 16ರಂದು ಕಲ್ಕತ್ತದ ಈಡನ್ ಗಾರ್ಡನ್ಸ್ ಕ್ರೀಡಾಂಗಣದಲ್ಲಿ ಈ ಎರಡು ತಂಡಗಳ ನಡುವೆ ಲೀಗ್ ಪಂದ್ಯ ನಡೆಯಿತು. ಮೈದಾನದೊಳಗಿನ ಒರಟುತನವು ಪ್ರೇಕ್ಷಕರ ನಡುವೆ ಹಬ್ಬಿತು. ಹೊಡೆದಾಟವಾಯಿತು; ನೂಕುನುಗ್ಗಲಾಯಿತು. ಹದಿನಾರು ಮಂದಿ ಪ್ರಾಣ ಕಳೆದುಕೊಂಡರು. ಮಧ್ಯಾಹ್ನ ಊಟ ಮಾಡಿ, “ಪಂದ್ಯ ನೋಡಿ ಬರುತ್ತೇನೆ” ಎಂದು ಹೊರಟವರು ಸಂಜೆ ಮನೆಗೆ ಮರಳಲಿಲ್ಲ. ಆ ತಾಯಂದಿರ ಕಣ್ಣೀರಿಗೆ ಹಸಿರು ಬಣ್ಣವೂ ಇರಲಿಲ್ಲ, ಕೆಂಪು ಬಣ್ಣವೂ ಇರಲಿಲ್ಲ. ನಿಷ್ಠೆಯನ್ನು ಕೊಟ್ಟ ಮನೆಗಳೇ ಆ ದಿನ ಅದರ ಬೆಲೆಯನ್ನು ತೆತ್ತವು. ಅಂದಿನಿಂದ ಆಗಸ್ಟ್ 16ನ್ನು ಕಾಲ್ಚೆಂಡಾಟದ ಪ್ರೇಮಿಗಳ ದಿನವೆಂದು ಕರೆದು, ಮಡಿದವರ ನೆನಪಿಗಾಗಿ ರಕ್ತದಾನ ಶಿಬಿರಗಳನ್ನು ನಡೆಸುವ ಪದ್ಧತಿ ಬೆಳೆದುಬಂದಿದೆ. ಚೆಲ್ಲಿದ ರಕ್ತಕ್ಕೆ ಪ್ರಾಯಶ್ಚಿತ್ತವಾಗಿ ನೀಡುವ ರಕ್ತ ಅದು. ಅದು ಯಾವ ತಂಡದವನ ಪ್ರಾಣವನ್ನು ಉಳಿಸುವುದೆಂದು ಕೊಡುವವನು ಕೇಳುವುದಿಲ್ಲ.

ಆ ದುರಂತ ನಡೆದು ನಲವತ್ತನಾಲ್ಕು ವರ್ಷಗಳ ಮೇಲೆ ಮತ್ತೊಂದು ಆಗಸ್ಟ್ ತಿಂಗಳು ಬಂದಿತು. 2024ರ ಆಗಸ್ಟ್ 9ರಂದು ಕೋಲ್ಕತದ ಸರಕಾರಿ ಆಸ್ಪತ್ರೆಯೊಂದರಲ್ಲಿ ಕರ್ತವ್ಯದಲ್ಲಿದ್ದ ತರುಣ ವೈದ್ಯೆಯೊಬ್ಬರು ಅಮಾನುಷವಾಗಿ ಕೊಲೆಯಾದರು. ಇಡೀ ನಗರ ದುಃಖದಿಂದಲೂ ಕೋಪದಿಂದಲೂ ತಲ್ಲಣಿಸಿತು. ಆಗಸ್ಟ್ 18ರಂದು ಡ್ಯೂರಾಂಡ್ ಕಪ್ ಪಂದ್ಯಾವಳಿಯಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳು ಆಡಬೇಕಾಗಿತ್ತು. ಭದ್ರತೆಯ ಕಾರಣದಿಂದ ಆ ಪಂದ್ಯವನ್ನು ರದ್ದುಪಡಿಸಲಾಯಿತು. ಆದರೂ ಅಂದು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗಣ ರಸ್ತೆಯಲ್ಲಿ ಜನ ಸೇರಿದರು. ಹಸಿರು ಕಡುಗೆಂಪಿನ ಬಾವುಟ, ಕೆಂಪು ಹೊಂಬಣ್ಣದ ಬಾವುಟ ಎರಡೂ ಒಟ್ಟಿಗೆ ಹಾರಿದವು. ಕೋಲ್ಕತದ ಮತ್ತೊಂದು ಹಳೆಯ ಸಂಘವಾದ ಮಹಮ್ಮದನ್ ಸ್ಪೋರ್ಟಿಂಗ್ ಅಭಿಮಾನಿಗಳೂ ಬಂದು ಕೂಡಿಕೊಂಡರು. ಒಂದು ಸಂಘದವನು ಇನ್ನೊಂದು ಸಂಘದವನನ್ನು ಹೆಗಲ ಮೇಲೆ ಎತ್ತಿಕೊಂಡನು. ಎಲ್ಲರ ಬಾಯಲ್ಲಿಯೂ ಒಂದೇ ಬೇಡಿಕೆ: ಆ ಮಗಳಿಗೆ ನ್ಯಾಯ ದೊರೆಯಬೇಕು. ನೂರು ವರ್ಷಗಳಿಂದ ಎದುರುಬದುರಾಗಿ ಕುಳಿತಿದ್ದ ಎರಡು ಮನೆತನಗಳು ನೆರೆಮನೆಯ ಸಾವಿನಲ್ಲಿ ಒಂದಾದಂತೆ ಆ ದೃಶ್ಯವಿತ್ತು. ಅಂದು ಯಾರೂ ತಮ್ಮ ಬಣ್ಣವನ್ನು ಕಳಚಿಡಲಿಲ್ಲ. ಆ ಬಣ್ಣವನ್ನು ತೊಟ್ಟೇ ಒಂದಾದರು.

ಈ ಎರಡು ಆಗಸ್ಟ್ ತಿಂಗಳುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ ನಮಗೆ ಒಂದು ಸತ್ಯ ಹೊಳೆಯುತ್ತದೆ. ಎರಡು ಸಂದರ್ಭಗಳಲ್ಲಿಯೂ ಜನರ ನಿಷ್ಠೆ ಅದೇ, ಬಾವುಟಗಳು ಅವೇ, ಅವುಗಳನ್ನು ಹಿಡಿದ ಕೈಗಳ ವಿವೇಕ ಮಾತ್ರ ಬೇರೆ. ಹಿರಿಯರು ಮಕ್ಕಳಿಗೆ ಪ್ರೀತಿಯನ್ನು ಬಳುವಳಿಯಾಗಿ ಕೊಡಬಲ್ಲರು. ಅದನ್ನು ದ್ವೇಷವಾಗಲು ಬಿಡಬೇಕೆ, ಬೆಳಕಾಗಿ ಉಳಿಸಿಕೊಳ್ಳಬೇಕೆ ಎಂಬುದನ್ನು ಪಡೆದವನೇ ನಿರ್ಧರಿಸಬೇಕು. ತನ್ನ ಮನೆಯ ದೀಪವನ್ನು ಪ್ರೀತಿಸುವವನು ಪಕ್ಕದ ಮನೆಯ ದೀಪವನ್ನು ಆರಿಸಬೇಕಾಗಿಲ್ಲ. ಎದುರಾಳಿಯು ಇಲ್ಲದಿದ್ದರೆ ಆಟವೇ ಇಲ್ಲ. ಈಸ್ಟ್ ಬೆಂಗಾಲ್ ಇಲ್ಲದೆ ಮೋಹನ್ ಬಾಗಾನಿನ ಕಥೆ ಪೂರ್ಣವಾಗದು, ಮೋಹನ್ ಬಾಗಾನ್ ಇಲ್ಲದೆ ಈಸ್ಟ್ ಬೆಂಗಾಲಿನದೂ ಪೂರ್ಣವಾಗದು. ಕುಟುಂಬವು ನಮಗೆ ಕೊಡುವ ಭಾಷೆ, ಊರು, ನಂಬಿಕೆ, ಅಭಿಮಾನ, ಇವೆಲ್ಲಕ್ಕೂ ಈ ಮಾತು ಸಲ್ಲುತ್ತದೆ. ಬಂದುದನ್ನು ಕೃತಜ್ಞತೆಯಿಂದ ಪಡೆಯುವುದು ಮಕ್ಕಳ ಧರ್ಮ. ಅದನ್ನು ಇನ್ನಷ್ಟು ಶುಚಿಯಾಗಿಸಿ ಮುಂದಿನವರ ಕೈಗೆ ಕೊಡುವುದು ಹಿರಿಯ ಧರ್ಮ.

ಪದಗಳ ಅರ್ಥ

ಬಳುವಳಿ – ಹಿರಿಯರಿಂದ ಬಂದ ಕೊಡುಗೆ
ಲಾಂಛನ – ಗುರುತು, ಚಿಹ್ನೆ
ಪಂಜು – ದೀವಟಿಗೆ
ನಿರಾಶ್ರಿತ – ನೆಲೆ ಕಳೆದುಕೊಂಡವನು
ಬಾನುಲಿ – ರೇಡಿಯೋ
ಮುಡಿಪು – ಮೀಸಲು
ಜತನ – ಎಚ್ಚರಿಕೆಯಿಂದ ಕಾಪಾಡುವಿಕೆ
ಪ್ರಾಯಶ್ಚಿತ್ತ – ತಪ್ಪಿಗೆ ಪರಿಹಾರವಾಗಿ ಮಾಡುವ ಕಾರ್ಯ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮೋಹನ್ ಬಾಗಾನ್ ತಂಡವು 1911ರಲ್ಲಿ ಯಾವ ತಂಡವನ್ನು ಸೋಲಿಸಿತು?
2. ಈಸ್ಟ್ ಬೆಂಗಾಲ್ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರು ಯಾರು?
3. ‘ಪಂಚಪಾಂಡವ’ರಲ್ಲಿ ಬೆಂಗಳೂರಿನವರೆಂದು ಪಾಠದಲ್ಲಿ ಹೇಳಿರುವುದು ಯಾರನ್ನು?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ದೇಶವಿಭಜನೆಯ ಅನಂತರ ಈಸ್ಟ್ ಬೆಂಗಾಲ್ ಸಂಘವು ನಿರಾಶ್ರಿತರ ಮನೆಗಳಿಗೆ ಏಕೆ ಅಷ್ಟು ಪ್ರಿಯವಾಯಿತು?
2. ಆಟಗಾರನ ನಿಷ್ಠೆಗೂ ಅಭಿಮಾನಿಯ ನಿಷ್ಠೆಗೂ ಇರುವ ವ್ಯತ್ಯಾಸವೇನು?
3. 1980ರ ಮತ್ತು 2024ರ ಆಗಸ್ಟ್ ತಿಂಗಳುಗಳ ಘಟನೆಗಳನ್ನು ಹೋಲಿಸಿ ಬರೆಯಿರಿ.

ಇ) ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ಆ ಬಣ್ಣವನ್ನು ತೊಟ್ಟೇ ಒಂದಾದರು.”
2. “ಕಾಯುವ ತಾಳ್ಮೆಯನ್ನೂ ಅವರು ಮನೆಯಲ್ಲಿಯೇ ಕಲಿತಿದ್ದರು.”

ಈ) ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ತಾಯ್ನುಡಿ, ಬರಿಗಾಲು, ದೇಶವಿಭಜನೆ.

ಉ) ನಿಮ್ಮ ಮನೆಯ ಹಿರಿಯರಿಂದ ನಿಮಗೆ ಬಂದಿರುವ ಒಂದು ಅಭಿರುಚಿಯನ್ನು ಕುರಿತು ಹದಿನೈದು ವಾಕ್ಯಗಳ ಪ್ರಬಂಧವನ್ನು ಬರೆಯಿರಿ.